ಜನಾಂಗೀಯ ಸಂಘರ್ಷ ನಿಂತ ಮೇಲೆ ಯಾವ ಶಾಂತಿ ಸೂತ್ರ? ಐದು ದಾರಿಗಳ ಹೋಲಿಕೆ

ಇಪ್ಪತ್ತು ಮೂವತ್ತು ವರ್ಷ ನಡೆದ ಜನಾಂಗೀಯ ಸಂಘರ್ಷ ನಿಂತಾಗ ಸರ್ಕಾರದ ಮುಂದೆ ಐದು ದಾರಿಗಳಿರುತ್ತವೆ. ಬಂಡೆದ್ದವರ ಪ್ರದೇಶಕ್ಕೆ ಸ್ವಾಯತ್ತತೆ ಕೊಡುವುದು ಒಂದು. ಸಚಿವ ಸಂಪುಟದಲ್ಲೇ ಎದುರಾಳಿಗಳಿಬ್ಬರನ್ನೂ ಕೂರಿಸುವುದು ಇನ್ನೊಂದು. ಸಂಸತ್ತು, ಸೇನೆ, ನೌಕರಿಗಳಲ್ಲಿ ಜನಾಂಗವಾರು ಪಾಲು ಗೊತ್ತುಮಾಡುವುದು ಮೂರನೆಯದು. ಜನಾಂಗದ ಹೆಸರನ್ನೇ ಸರ್ಕಾರಿ ಕಾಗದಗಳಿಂದ ತೆಗೆದುಹಾಕುವುದು ನಾಲ್ಕನೆಯದು. ಯುದ್ಧ ಗೆದ್ದು, ಗೆದ್ದವರ ಷರತ್ತಿನ ಮೇಲೆ ಆಡಳಿತ ನಡೆಸುವುದು ಐದನೆಯದು. ಕಳೆದ ನಲವತ್ತು ವರ್ಷಗಳಲ್ಲಿ ಐದೂ ಪ್ರಯೋಗಕ್ಕೆ ಬಂದಿವೆ. ಹಾಗಾಗಿ ಯಾವುದು ಎಲ್ಲಿ ನಡೆಯಿತು, ಎಲ್ಲಿ ಮುಗ್ಗರಿಸಿತು ಎಂಬುದನ್ನು ಊಹೆಯ ಮೇಲೆ ಹೇಳಬೇಕಾಗಿಲ್ಲ.

‘ಮಿಜೋರಂ ಮಾದರಿ’, ‘ಐರ್ಲೆಂಡ್ ಮಾದರಿ’ ಎಂಬ ಮಾತು ಚರ್ಚೆಗಳಲ್ಲಿ ಸಲೀಸಾಗಿ ಬರುತ್ತದೆ. ಆದರೆ ಒಂದು ನೆಲದ ಒಪ್ಪಂದವನ್ನು ಇನ್ನೊಂದಕ್ಕೆ ಹಾಗೇ ಎತ್ತಿಡಲು ಬರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಸೂತ್ರದ ಆಯ್ಕೆ ಎರಡೇ ಸಂಗತಿಗಳ ಮೇಲೆ ನಿಂತಿದೆ: ಜನ ಎಲ್ಲೆಲ್ಲಿ ವಾಸವಿದ್ದಾರೆ, ಯುದ್ಧ ಹೇಗೆ ನಿಂತಿತು. ಆಯ್ಕೆಯಾದ ಸೂತ್ರ ಉಳಿಯುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಬೇರೆ ವಿಷಯಗಳು ತೀರ್ಮಾನಿಸುತ್ತವೆ: ಬಂದೂಕು, ಕೈದಿ, ಪೊಲೀಸ್, ಮನೆ. ಇವುಗಳನ್ನು ಯಾವ ಕ್ರಮದಲ್ಲಿ, ಯಾರ ಉಸ್ತುವಾರಿಯಲ್ಲಿ ಮುಗಿಸುತ್ತಾರೆ ಎನ್ನುವುದು.

ಮೊದಲು ನಕ್ಷೆ

ಬಂಡೆದ್ದ ಸಮುದಾಯ ಒಂದೇ ಕಡೆ ನೆಲೆಸಿ ಅಲ್ಲಿ ನಿಚ್ಚಳವಾಗಿ ಬಹುಸಂಖ್ಯಾತವಾಗಿದ್ದರೆ ಪ್ರದೇಶಾಧಾರಿತ ಪರಿಹಾರ ಸಾಧ್ಯ. ಮಿಜೊ ಬೆಟ್ಟಗಳು, ಇಂಡೊನೇಷ್ಯಾದ ಅಚೆಹ್ ಪ್ರಾಂತ್ಯ ಇಂಥವು. ಬೆಲ್‌ಫಾಸ್ಟ್‌ನಲ್ಲಿ ಹಾಗಿಲ್ಲ. ಅಲ್ಲಿ ಒಂದು ಬೀದಿ ಕ್ಯಾಥೊಲಿಕ್ಕರದು, ಪಕ್ಕದ ಬೀದಿ ಪ್ರಾಟೆಸ್ಟೆಂಟರದು. ಬುರುಂಡಿ, ರುವಾಂಡಾಗಳಲ್ಲಿ ಇನ್ನೂ ಕಷ್ಟ. ಒಂದೇ ಗುಡ್ಡದ ಮೇಲೆ ಹುಟು, ಟುಟ್ಸಿ ಮನೆಗಳು, ಇಬ್ಬರಿಗೂ ಒಂದೇ ಭಾಷೆ. ಅಂಥಲ್ಲಿ ಗಡಿ ಎಳೆಯಲು ಹೊರಟರೆ ಜನರನ್ನು ಓಡಿಸಬೇಕಾಗುತ್ತದೆ.

ಯುದ್ಧ ಹೇಗೆ ನಿಂತಿತು ಎಂಬ ಎರಡನೆಯ ಪ್ರಶ್ನೆಗೆ ಮೂರು ಬಗೆಯ ಉತ್ತರಗಳಿವೆ. ಉತ್ತರ ಐರ್ಲೆಂಡಿನಲ್ಲಿ ಮೂವತ್ತು ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತ ಮೇಲೆ, ಐರ್ಲೆಂಡ್ ಏಕೀಕರಣಕ್ಕೆ ಹೋರಾಡುತ್ತಿದ್ದ ಐಆರ್‌ಎ ಬ್ರಿಟಿಷ್ ಸೇನೆಯನ್ನು ಓಡಿಸಲಾರದು, ಸೇನೆಯೂ ಐಆರ್‌ಎಯನ್ನು ಮುಗಿಸಲಾರದು ಎಂದು ಇಬ್ಬರಿಗೂ ಮನದಟ್ಟಾಯಿತು. ಸಂಧಾನಕ್ಕೆ ಇದೇ ಹದವಾದ ಸಮಯ. ಬೋಸ್ನಿಯಾದಲ್ಲಿ ನೇಟೊ ಬಾಂಬ್ ದಾಳಿ ಮತ್ತು ಹೊರಗಿನ ಒತ್ತಡ ಮೂರೂ ಕಡೆಯವರನ್ನು ಮೇಜಿಗೆ ಎಳೆದು ತಂದಿತು. ಶ್ರೀಲಂಕಾದಲ್ಲಿ ಒಂದು ಕಡೆ ಪೂರ್ತಿ ಗೆದ್ದಿತು. ಗೆದ್ದವರಿಗೆ ಹಂಚಿಕೊಳ್ಳುವ ಒತ್ತಡವಿರುವುದಿಲ್ಲ. ಅಲ್ಲಿ ಬಾಯಿಮಾತಿನ ಭರವಸೆಯನ್ನು ನಂಬಿ ಲೆಕ್ಕ ಹಾಕುವಂತಿಲ್ಲ.

ಪ್ರದೇಶಕ್ಕೆ ಸ್ವಾಯತ್ತತೆ: ಮಿಜೋರಂ, ಅಚೆಹ್, ಬೋಡೊ ಪ್ರದೇಶ

1959ರ ಮೌತಾಮ್ ಬರಗಾಲದಲ್ಲಿ, ಬಿದಿರು ಹೂಬಿಟ್ಟು ಇಲಿಗಳು ಮಿತಿಮೀರಿ ಬೆಳೆ ನಾಶವಾದಾಗ, ಅಸ್ಸಾಂ ಸರ್ಕಾರ ಕೈಕಟ್ಟಿ ಕೂತಿತೆಂಬ ಸಿಟ್ಟಿನಿಂದ ಮಿಜೊ ನ್ಯಾಷನಲ್ ಫ್ರಂಟ್ (ಎಂಎನ್‌ಎಫ್) ಬೆಳೆಯಿತು. 1966ರ ಮಾರ್ಚ್‌ನಲ್ಲಿ ಬಂಡಾಯ, ಐಜ್ವಾಲ್ ಮೇಲೆ ವಾಯುಪಡೆಯ ದಾಳಿ, ಮರುವರ್ಷದಿಂದ ಹಳ್ಳಿಗಳನ್ನು ಎಬ್ಬಿಸಿ ರಸ್ತೆಬದಿಯ ಶಿಬಿರಗಳಿಗೆ ಸಾಗಿಸುವ ಕಾರ್ಯಾಚರಣೆ. 1976ರಲ್ಲಿ ಒಮ್ಮೆ ಒಪ್ಪಂದವಾಗಿ ಮುರಿಯಿತು. 1986ರ ಜೂನ್ 30ರ ಒಪ್ಪಂದ ಮಾತ್ರ ನಿಂತಿತು. ಅದು ನಿಲ್ಲಲು ಕಾರಣವಾದ ಅಂಶಗಳು ಲೆಕ್ಕಕ್ಕೆ ಸಿಗುವಂಥವು.

ಮೊದಲನೆಯದಾಗಿ, ಕೊಟ್ಟದ್ದನ್ನು ಸಂವಿಧಾನದಲ್ಲೇ ಬರೆದರು. 371ಜಿ ವಿಧಿಯ ಪ್ರಕಾರ ಮಿಜೊ ಧಾರ್ಮಿಕ ಮತ್ತು ಸಾಮಾಜಿಕ ಆಚರಣೆ, ಸಾಂಪ್ರದಾಯಿಕ ಕಾನೂನು, ಭೂಮಿಯ ಒಡೆತನ ಮತ್ತು ವರ್ಗಾವಣೆಗಳಿಗೆ ಸಂಬಂಧಿಸಿದ ಸಂಸತ್ತಿನ ಕಾಯ್ದೆ ಮಿಜೋರಂ ವಿಧಾನಸಭೆ ಒಪ್ಪದೆ ಅಲ್ಲಿಗೆ ಅನ್ವಯಿಸುವುದಿಲ್ಲ. ಎರಡನೆಯದಾಗಿ, ಬಂಡುಕೋರರಿಗೆ ತಕ್ಷಣ ಕುರ್ಚಿ ಸಿಕ್ಕಿತು. ಕಾಂಗ್ರೆಸ್ಸಿನ ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ ಸ್ಥಾನ ಬಿಟ್ಟುಕೊಟ್ಟು ಎಂಎನ್‌ಎಫ್ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. 1987ರ ಫೆಬ್ರುವರಿ 20ಕ್ಕೆ ಪೂರ್ಣ ರಾಜ್ಯವಾಯಿತು. ಮೂರನೆಯದು ನಮಗೆ ಎಲ್ಲಕ್ಕಿಂತ ದೊಡ್ಡದೆನಿಸುತ್ತದೆ: ಮುಂದೆ ಚುನಾವಣೆಯಲ್ಲಿ ಸೋತಾಗಲೂ ಎಂಎನ್‌ಎಫ್ ಕಾಡಿಗೆ ಮರಳಲಿಲ್ಲ. 1998ರಲ್ಲಿ ಮತ್ತೆ ಗೆದ್ದು, ಒಂದು ಕಾಲದ ಬಂಡುಕೋರ ಜೋರಂಥಂಗಾ ಮುಖ್ಯಮಂತ್ರಿಯಾದರು. ಆದರೆ ರಾಜ್ಯದೊಳಗಿನ ಅಲ್ಪಸಂಖ್ಯಾತರಿಗೆ ಈ ಸೂತ್ರದಲ್ಲಿ ರಕ್ಷಣೆ ಸಾಲಲಿಲ್ಲ. 1997ರಲ್ಲಿ ಸಾವಿರಾರು ಬ್ರೂ ಕುಟುಂಬಗಳು ತ್ರಿಪುರಾಕ್ಕೆ ಓಡಿದವು. 2020ರ ಜನವರಿಯ ಒಪ್ಪಂದದಲ್ಲಿ ಅವರನ್ನು ತ್ರಿಪುರಾದಲ್ಲೇ ನೆಲೆಗೊಳಿಸಲು ತೀರ್ಮಾನವಾಯಿತು.

ಅಚೆಹ್ ಒಪ್ಪಂದವನ್ನು ಪುಟ ಪುಟವಾಗಿ ಓದಬೇಕು, ಅಷ್ಟು ಖಚಿತವಾಗಿದೆ. 1976ರಿಂದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಗಾಮ್ ಸಂಘಟನೆ 2002ರಲ್ಲಿ ಒಮ್ಮೆ ಕದನವಿರಾಮಕ್ಕೆ ಒಪ್ಪಿತ್ತು. ಮೂಲ ಪ್ರಶ್ನೆಯನ್ನು ಮುಂದಕ್ಕೆ ಹಾಕಿ ಬರೀ ಗುಂಡು ನಿಲ್ಲಿಸಿದ್ದರಿಂದ 2003ರ ಮೇ ತಿಂಗಳಿಗೇ ಅದು ಮುರಿದು ಸೇನಾಡಳಿತ ಬಂತು. 2004ರ ಡಿಸೆಂಬರ್ 26ರ ಸುನಾಮಿ ಪ್ರಾಂತ್ಯದ ಕರಾವಳಿಯನ್ನು ನೆಲಸಮ ಮಾಡಿತು. ಮರುತಿಂಗಳೇ ಹೆಲ್ಸಿಂಕಿಯಲ್ಲಿ ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಮಾತುಕತೆಗೆ ಕೂರಿಸಿದರು. ಎಲ್ಲ ವಿಷಯ ಇತ್ಯರ್ಥವಾಗುವ ತನಕ ಯಾವುದೂ ಇತ್ಯರ್ಥವಾದಂತಲ್ಲ ಎಂಬ ನಿಯಮ ಹಾಕಿ ಐದು ಸುತ್ತಿನಲ್ಲಿ ಮುಗಿಸಿದರು. 2005ರ ಆಗಸ್ಟ್ 15ಕ್ಕೆ ಸಹಿಯಾಯಿತು.

ಅದರ ಅಂಕಿಗಳನ್ನು ನೋಡಿ. ಗಾಮ್ 840 ಆಯುಧ ಒಪ್ಪಿಸಬೇಕು, ತನ್ನ 3,000 ಹೋರಾಟಗಾರರನ್ನು ಪಡೆಯಿಂದ ಬಿಡುಗಡೆ ಮಾಡಬೇಕು. ಸರ್ಕಾರ ಹೊರಗಿನಿಂದ ತಂದ ಸೈನಿಕರನ್ನೂ ಪೊಲೀಸರನ್ನೂ ವಾಪಸ್ ಕರೆಸಿ 14,700 ಸೈನಿಕರು, 9,100 ಪೊಲೀಸರಿಗೆ ಮಿತಿಗೊಳಿಸಬೇಕು. ಎರಡೂ ಕೆಲಸ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ನಾಲ್ಕು ಕಂತಿನಲ್ಲಿ, ಒಂದಕ್ಕೊಂದು ಸರಿಸಮವಾಗಿ ನಡೆಯಬೇಕು. ಐರೋಪ್ಯ ಒಕ್ಕೂಟ ಮತ್ತು ಆಸಿಯಾನ್ ದೇಶಗಳ ಉಸ್ತುವಾರಿ ತಂಡ ಪ್ರತಿ ಬಂದೂಕನ್ನೂ ಪರೀಕ್ಷಿಸಿ, ಕೆಲಸಕ್ಕೆ ಬಾರದ್ದನ್ನು ಲೆಕ್ಕದಿಂದ ತೆಗೆದು, ಉಳಿದದ್ದನ್ನು ಯಂತ್ರದಿಂದ ತುಂಡರಿಸಿತು. ಒಂದು ಕಂತು ಪೂರ್ತಿಯಾದ ಮೇಲೆ ಅಷ್ಟು ಪ್ರಮಾಣದ ಸೈನಿಕರು ಹಡಗು ಹತ್ತಿದರು. ಮೊದಲು ಯಾರು ಕೈಬಿಡಬೇಕು ಎಂಬ ಜಗಳಕ್ಕೆ ಇಲ್ಲಿ ಜಾಗವೇ ಉಳಿಯಲಿಲ್ಲ.

ರಾಜಕೀಯ ಕೊಡುಗೆಯೂ ಅಷ್ಟೇ ಸ್ಪಷ್ಟ. ತೈಲ, ಅನಿಲದ ಆದಾಯದಲ್ಲಿ ಶೇ 70 ಅಚೆಹ್‌ಗೆ. ಇಂಡೊನೇಷ್ಯಾದಲ್ಲಿ ಬೇರೆಲ್ಲೂ ಪ್ರಾದೇಶಿಕ ಪಕ್ಷ ಕಟ್ಟಲು ಅವಕಾಶವಿಲ್ಲದಿದ್ದರೂ ಇಲ್ಲಿ ಅವಕಾಶ. ಗಾಮ್ ಸ್ವಾತಂತ್ರ್ಯದ ಬೇಡಿಕೆ ಬಿಟ್ಟದ್ದು ಮುಖ್ಯವಾಗಿ ಈ ಕಲಮಿಗಾಗಿ. 2006ರ ಡಿಸೆಂಬರ್ ಚುನಾವಣೆಯಲ್ಲಿ ಗಾಮ್‌ನ ಇರ್ವಾಂಡಿ ಯೂಸುಫ್ ಗವರ್ನರ್ ಆದರು. ಆಮೇಲೆ ಎಡವಿದ್ದು ದುಡ್ಡಿನ ವಿಷಯದಲ್ಲಿ. ಹೋರಾಟಗಾರರ ಹೆಸರಿನ ಪಟ್ಟಿ ಕೊಡಲು ಗಾಮ್ ಒಪ್ಪದ್ದರಿಂದ ಪುನರ್ವಸತಿ ಹಣ ದಳಪತಿಗಳ ಕೈಯಲ್ಲಿ ಹಂಚಿಕೆಯಾಯಿತು. ನಿಜವಾದ ಹೋರಾಟಗಾರರು 3,000ಕ್ಕಿಂತ ಹೆಚ್ಚಿದ್ದರಿಂದ ಪಾಲು ಸಣ್ಣದಾಗಿ ಕೆಳಗಿನವರಿಗೆ ಚೂರು ಸಿಕ್ಕಿತು, ಮೇಲಿನವರು ಗುತ್ತಿಗೆದಾರರಾದರು. ಇರ್ವಾಂಡಿ ಅವರನ್ನೇ 2018ರಲ್ಲಿ ಭ್ರಷ್ಟಾಚಾರ ನಿಗ್ರಹ ಆಯೋಗ ಬಂಧಿಸಿತು. ಇದೇ ಸೂತ್ರ ಅನುಸರಿಸುವವರು ಹೋರಾಟಗಾರರ ಸಂಖ್ಯೆಯನ್ನು ಸಂಧಾನದ ಚೌಕಾಸಿಗೆ ಬಿಡದೆ ನೋಂದಣಿಯಿಂದ ಗೊತ್ತುಮಾಡಬೇಕು, ಹಣ ನೇರ ವ್ಯಕ್ತಿಯ ಖಾತೆಗೆ ಹೋಗಬೇಕು.

ಜನ ಬೆರೆತಿರುವ ಕಡೆ ಇದೇ ಔಷಧ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಸ್ಸಾಮಿನ ಬೋಡೊ ಪ್ರದೇಶ ಉದಾಹರಣೆ. 1993ರ ಒಪ್ಪಂದದಲ್ಲಿ ಗಡಿ ಗುರುತಿಸಿರಲಿಲ್ಲ. ಹಳ್ಳಿ ಸೇರಬೇಕಾದರೆ ಅಲ್ಲಿ ಬುಡಕಟ್ಟು ಜನ ಅರ್ಧಕ್ಕಿಂತ ಹೆಚ್ಚಿರಬೇಕೆಂಬ ಅಳತೆಗೋಲು ಬಂದದ್ದೇ, ಬೇರೆಯವರನ್ನು ಓಡಿಸಿದರೆ ಹಳ್ಳಿ ನಮ್ಮದಾಗುತ್ತದೆ ಎಂಬ ಲೆಕ್ಕಾಚಾರಕ್ಕೆ ದಾರಿಯಾಯಿತು. 2003ರ ಒಪ್ಪಂದದಿಂದ ಬಂದ ಸ್ವಾಯತ್ತ ಮಂಡಳಿಯ 40 ಚುನಾಯಿತ ಸ್ಥಾನಗಳಲ್ಲಿ 30 ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಆದರೆ ಆ ಪ್ರದೇಶದ ಜನಸಂಖ್ಯೆಯಲ್ಲಿ ಬೋಡೊಗಳು ಸುಮಾರು ಮೂರನೇ ಒಂದು ಪಾಲು ಮಾತ್ರ. 2012ರಲ್ಲಿ ಕೋಕ್ರಾಝಾರ್ ಹೊತ್ತಿ ಉರಿದು ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನಿರಾಶ್ರಿತರಾದರು. ಅದರ ಬಿಸಿ ಬೆಂಗಳೂರಿಗೂ ತಟ್ಟಿತು. ಆ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಹುಡುಗರು, ಹುಡುಗಿಯರು ಸಿಟಿ ರೈಲು ನಿಲ್ದಾಣದಲ್ಲಿ ತುಂಬಿಕೊಂಡರು. ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು.

ಒಂದೇ ಸಂಪುಟದಲ್ಲಿ ಎದುರಾಳಿಗಳು: ಉತ್ತರ ಐರ್ಲೆಂಡ್, ಬೋಸ್ನಿಯಾ

1998ರ ಏಪ್ರಿಲ್ 10ರ ಗುಡ್ ಫ್ರೈಡೆ ಒಪ್ಪಂದ ಜನಮತಗಣನೆಗೆ ಹೋಗಿ ಉತ್ತರದಲ್ಲಿ ಶೇ 71, ದಕ್ಷಿಣದ ಗಣರಾಜ್ಯದಲ್ಲಿ ಶೇ 94 ಮತ ಪಡೆಯಿತು. ಅದರ ಯಂತ್ರ ಹೀಗೆ ಕೆಲಸ ಮಾಡುತ್ತದೆ. ಗೆದ್ದ ಪ್ರತಿ ಶಾಸಕರೂ ತಾವು ಯೂನಿಯನಿಸ್ಟ್ (ಬ್ರಿಟನ್ ಜೊತೆ ಉಳಿಯಬೇಕೆನ್ನುವವರು), ನ್ಯಾಷನಲಿಸ್ಟ್ (ಐರ್ಲೆಂಡ್ ಒಂದಾಗಬೇಕೆನ್ನುವವರು) ಅಥವಾ ಇತರೆ ಎಂದು ದಾಖಲಿಸಬೇಕು. ಮೊದಲ ಮಂತ್ರಿ, ಉಪ ಮೊದಲ ಮಂತ್ರಿ ಇಬ್ಬರದೂ ಸಮಾನ ಅಧಿಕಾರ. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರೂ ಇಳಿಯಬೇಕು. ನ್ಯಾಯ ಖಾತೆ ಬಿಟ್ಟು ಉಳಿದ ಖಾತೆಗಳನ್ನು ಚೌಕಾಸಿಯಿಲ್ಲದೆ ಡಿಹೋಂಟ್ ಸೂತ್ರದಿಂದ ಹಂಚುತ್ತಾರೆ. ಪ್ರತಿ ಪಕ್ಷದ ಸ್ಥಾನಗಳನ್ನು 1, 2, 3 ಎಂದು ಭಾಗಿಸಿ, ದೊಡ್ಡ ಸಂಖ್ಯೆ ಬಂದವರು ಮೊದಲು ಖಾತೆ ಆರಿಸಿಕೊಳ್ಳುತ್ತಾರೆ.

1998ರಲ್ಲಿ ಯೂನಿಯನಿಸ್ಟರ ಯುಯುಪಿಗೆ 28, ನ್ಯಾಷನಲಿಸ್ಟರ ಎಸ್‌ಡಿಎಲ್‌ಪಿಗೆ 24, ಯೂನಿಯನಿಸ್ಟರದೇ ಡಿಯುಪಿಗೆ 20, ನ್ಯಾಷನಲಿಸ್ಟರದೇ ಶಿನ್ ಫೇನ್‌ಗೆ 18 ಸ್ಥಾನ ಬಂದಿದ್ದವು. ಹತ್ತು ಖಾತೆಗಳ ಸರದಿ ಹೀಗೆ ಬರುತ್ತದೆ: 28, 24, 20, 18, ಆಮೇಲೆ ಅರ್ಧ ಮಾಡಿದಾಗ 14, 12, 10, ಮೂರರಿಂದ ಭಾಗಿಸಿದ ಯುಯುಪಿಯ 9.33, ಶಿನ್ ಫೇನ್‌ನ 9, ಎಸ್‌ಡಿಎಲ್‌ಪಿಯ 8. ಅಂದರೆ ಮೊದಲ ಎರಡು ಪಕ್ಷಗಳಿಗೆ ಮೂರು ಮೂರು, ಉಳಿದ ಎರಡಕ್ಕೆ ಎರಡೆರಡು. ನಾಲ್ಕನೆಯ ಸರದಿಯಲ್ಲಿ ಶಿನ್ ಫೇನ್ ಶಿಕ್ಷಣ ಖಾತೆ ತೆಗೆದುಕೊಂಡಿತು. ಐಆರ್‌ಎಯ ಮಾಜಿ ದಳಪತಿ ಮಾರ್ಟಿನ್ ಮೆಗಿನ್ನೆಸ್ ಪ್ರಾಟೆಸ್ಟೆಂಟ್ ಮಕ್ಕಳ ಶಾಲೆಗಳಿಗೂ ಮಂತ್ರಿಯಾದರು. ಯಾರೂ ಯಾರನ್ನೂ ಒಪ್ಪಬೇಕಿಲ್ಲ, ಲೆಕ್ಕವೇ ಸಂಪುಟ ರಚಿಸುತ್ತದೆ. ಒಬ್ಬರ ಮುಖ ಇನ್ನೊಬ್ಬರು ನೋಡದ ಪಕ್ಷಗಳಿಗೆ ಇದಕ್ಕಿಂತ ಒಳ್ಳೆಯ ಸಾಧನ ನಮಗೆ ಕಂಡಿಲ್ಲ.

ಕೆಡುವುದು ಎರಡು ಕಡೆ. ಜೋಡಿ ಕುರ್ಚಿಯಲ್ಲಿ ಒಬ್ಬರು ಎದ್ದರೆ ಸರ್ಕಾರವೇ ನಿಲ್ಲುತ್ತದೆ. 2002ರಿಂದ 2007, 2017ರಿಂದ 2020, 2022ರಿಂದ 2024, ಈ ಮೂರು ಅವಧಿ ಸೇರಿದರೆ ಸುಮಾರು ಹತ್ತು ವರ್ಷ ಆಡಳಿತ ಸ್ಥಗಿತ. ಇನ್ನೊಂದು, ಸಮುದಾಯದ ರಕ್ಷಣೆಗೆಂದು ಇಟ್ಟ ವೀಟೊ ಬೇರೆ ಕೆಲಸಕ್ಕೆ ಬಳಕೆಯಾಯಿತು. 2022ರ ತಿದ್ದುಪಡಿಯವರೆಗೆ, 30 ಶಾಸಕರು ಸಹಿ ಹಾಕಿದರೆ ಯಾವುದೇ ಮಸೂದೆ ಅಥವಾ ನಿರ್ಣಯಕ್ಕೆ ಎರಡೂ ಸಮುದಾಯಗಳ ಒಪ್ಪಿಗೆ ಬೇಕಾಗುತ್ತಿತ್ತು. 2015ರ ನವೆಂಬರ್‌ನಲ್ಲಿ ಸಲಿಂಗ ವಿವಾಹದ ನಿರ್ಣಯ 53-52 ಮತದಿಂದ ಗೆದ್ದರೂ ಈ ಅಸ್ತ್ರದಿಂದ ಬಿದ್ದುಹೋಯಿತು. ಇದಕ್ಕೂ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಜಗಳಕ್ಕೂ ಸಂಬಂಧವಿರಲಿಲ್ಲ. ವೀಟೊ ಕೊಡುವಾಗ ಅದು ಯಾವ ವಿಷಯಗಳಿಗೆ ಎಂದು ಪಟ್ಟಿ ಮಾಡಬೇಕು: ಭಾಷೆ, ಶಿಕ್ಷಣ, ಪೊಲೀಸ್, ಭೂಮಿ. ಪಟ್ಟಿ ಅಲ್ಲಿಗೆ ಮುಗಿಯಬೇಕು.

ಬೋಸ್ನಿಯಾದಲ್ಲಿ ಪಟ್ಟಿ ಮುಗಿಯಲೇ ಇಲ್ಲ. 1995ರ ಡೇಟನ್ ಒಪ್ಪಂದ ಮೂರೂವರೆ ವರ್ಷದ, ಸುಮಾರು ಒಂದು ಲಕ್ಷ ಜನರ ಪ್ರಾಣ ತೆಗೆದ ಯುದ್ಧವನ್ನು ನಿಲ್ಲಿಸಿತು. ಅದು ಸಣ್ಣ ಸಾಧನೆಯಲ್ಲ, ಯುದ್ಧ ಮರುಕಳಿಸಿಲ್ಲ. ಆದರೆ ಸಂವಿಧಾನವೂ ಅದೇ ಒಪ್ಪಂದದ ನಾಲ್ಕನೇ ಅನುಬಂಧ. ನೆಲದ ಶೇ 51 ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಮರು) ಮತ್ತು ಕ್ರೊವಾಟರ ಒಕ್ಕೂಟಕ್ಕೆ, ಶೇ 49 ಸರ್ಬ್ ಗಣರಾಜ್ಯಕ್ಕೆ. ಒಕ್ಕೂಟದೊಳಗೆ 10 ಜಿಲ್ಲಾ ಸರ್ಕಾರಗಳು, ಪಕ್ಕದಲ್ಲಿ ಬ್ರಚ್ಕೊ ಎಂಬ ವಿಶೇಷ ಜಿಲ್ಲೆ, ಮೇಲೆ ಕೇಂದ್ರ. ಮೂವತ್ತೈದು ಲಕ್ಷ ಜನರಿಗೆ 14 ಸರ್ಕಾರಗಳು. ಅಧ್ಯಕ್ಷ ಸ್ಥಾನದಲ್ಲಿ ಮೂವರು: ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೊವಾಟ್, ಒಬ್ಬ ಸರ್ಬ್. ಯೆಹೂದಿಯಾದ ಯಾಕೊಬ್ ಫಿಂಚಿ, ರೋಮಾ ಸಮುದಾಯದ ಡೆರ್ವೊ ಸೆಯ್ದಿಚ್ ತಾವು ಆ ಸ್ಥಾನಕ್ಕೆ ಸ್ಪರ್ಧಿಸಲೂ ಆಗುವುದಿಲ್ಲವೆಂದು ಮೊಕದ್ದಮೆ ಹೂಡಿ 2009ರಲ್ಲಿ ಐರೋಪ್ಯ ಮಾನವ ಹಕ್ಕು ನ್ಯಾಯಾಲಯದಲ್ಲಿ ಗೆದ್ದರು. ಸಂವಿಧಾನ ತಿದ್ದಲು ಮೂರೂ ಕಡೆಯವರು ಒಪ್ಪಬೇಕಾದ್ದರಿಂದ ತೀರ್ಪು ಜಾರಿಗೆ ಬಂದಿಲ್ಲ.

ಎರಡನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಬೆಲ್‌ಫಾಸ್ಟ್‌ನಲ್ಲಿ ಪಾಲು ಪಕ್ಷಗಳಿಗೆ, ಅವು ಗೆದ್ದ ಸ್ಥಾನಕ್ಕೆ ತಕ್ಕಂತೆ. ಮತದಾರ ಬದಲಾದರೆ ಪಾಲೂ ಬದಲಾಗುತ್ತದೆ. 2024ರ ಫೆಬ್ರುವರಿಯಲ್ಲಿ ಶಿನ್ ಫೇನ್‌ನ ಮಿಶೆಲ್ ಓನೀಲ್ ಮೊದಲ ಮಂತ್ರಿಯಾದದ್ದು ಹಾಗೆಯೇ. ಸರಾಯೆವೊದಲ್ಲಿ ಪಾಲು ಜನಾಂಗದ ಹೆಸರಿನಲ್ಲೇ ಕಟ್ಟಿಹಾಕಿದೆ. ಬೆರೆತ ಸಮಾಜಕ್ಕೆ ಸೂತ್ರ ಹುಡುಕುವವರು ಬೆಲ್‌ಫಾಸ್ಟಿನ ಕಡೆ ನೋಡುವುದು ಮೇಲು.

ಒಂದೇ ರೋಗ, ಎರಡು ಔಷಧ: ಬುರುಂಡಿ, ರುವಾಂಡಾ

ಅಕ್ಕಪಕ್ಕದ ದೇಶಗಳು, ಎರಡರಲ್ಲೂ ಹುಟು ಬಹುಸಂಖ್ಯಾತರು, ಟುಟ್ಸಿ ಅಲ್ಪಸಂಖ್ಯಾತರು, ಬೆರಳೆಣಿಕೆಯ ಟ್ವಾ. ಬುರುಂಡಿ 2000ದ ಅರುಷಾ ಒಪ್ಪಂದದಲ್ಲಿ ಜನಾಂಗವನ್ನು ಹೆಸರಿಟ್ಟು ಕರೆದು ಪಾಲು ಕೊಟ್ಟಿತು. 2005ರ ಸಂವಿಧಾನದಂತೆ ರಾಷ್ಟ್ರೀಯ ಸಭೆ ಮತ್ತು ಸರ್ಕಾರದಲ್ಲಿ ಹುಟು ಶೇ 60, ಟುಟ್ಸಿ ಶೇ 40. ಸೆನೆಟ್ ಮತ್ತು ಸೇನೆಯಲ್ಲಿ ಅರ್ಧ ಅರ್ಧ. ಟ್ವಾಗಳಿಗೆ ಸಭೆಯಲ್ಲಿ ಮೂರು ಸ್ಥಾನ. ಪಕ್ಷದ ಅಭ್ಯರ್ಥಿ ಪಟ್ಟಿಯಲ್ಲಿ ಸಾಲಾಗಿ ಬರುವ ಪ್ರತಿ ಮೂವರಲ್ಲಿ ಇಬ್ಬರಿಗಿಂತ ಹೆಚ್ಚು ಒಂದೇ ಜನಾಂಗದವರಿರಬಾರದು. ಈ ಸಣ್ಣ ನಿಯಮದಿಂದ ಪ್ರತಿ ಪಕ್ಷಕ್ಕೂ ಎದುರು ಜನಾಂಗದ ಅಭ್ಯರ್ಥಿಗಳು ಬೇಕಾದರು, ಬರೀ ಹುಟು ಪಕ್ಷ, ಬರೀ ಟುಟ್ಸಿ ಪಕ್ಷ ಎಂಬುದು ಚುನಾವಣೆಗೆ ನಿಲ್ಲಲಾಗದಂತಾಯಿತು. 2015ರಲ್ಲಿ ಅಧ್ಯಕ್ಷ ನ್ಕುರುಂಜಿಜಾ ಮೂರನೇ ಅವಧಿಗೆ ಹಟ ಹಿಡಿದಾಗ ಕ್ಷಿಪ್ರಕ್ರಾಂತಿಯ ಯತ್ನ, ಹತ್ಯೆ, ವಲಸೆ ಎಲ್ಲ ನಡೆದವು. ಆದರೆ ಸೇನೆ ಹುಟು-ಟುಟ್ಸಿ ಎಂದು ಸೀಳಲಿಲ್ಲ. ಪಾಲಿನ ಸೂತ್ರ ಜನಾಂಗೀಯ ಯುದ್ಧವನ್ನು ತಡೆಯಿತು. ಸರ್ವಾಧಿಕಾರವನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ.

ರುವಾಂಡಾದಲ್ಲಿ 1994ರ ಏಪ್ರಿಲ್‌ನಿಂದ ಜುಲೈವರೆಗೆ ಸುಮಾರು ಎಂಟು ಲಕ್ಷ ಜನರ ನರಮೇಧ ನಡೆದು, ಟುಟ್ಸಿಗಳ ನೇತೃತ್ವದ ಬಂಡುಕೋರ ಪಡೆ ಆರ್‌ಪಿಎಫ್ ಯುದ್ಧ ಗೆದ್ದಿತು. ಬೆಲ್ಜಿಯನ್ನರ ಕಾಲದಿಂದ ಗುರುತಿನ ಚೀಟಿಯಲ್ಲಿದ್ದ, ತಡೆಗಟ್ಟೆಗಳಲ್ಲಿ ಸಾವು ಬದುಕು ತೀರ್ಮಾನಿಸಿದ ಜನಾಂಗದ ಕಾಲಂ ಹೋಯಿತು. ಅದನ್ನು ತೆಗೆದದ್ದು ಸರಿಯೇ. ಆದರೆ ಅದರ ಜೊತೆಗೆ ಬಂದ ‘ವಿಭಜನವಾದ’ ವಿರೋಧಿ ಕಾನೂನುಗಳು ಅಧಿಕಾರದಲ್ಲಿ ಯಾರ ಪಾಲು ಎಷ್ಟು ಎಂದು ಕೇಳುವುದನ್ನೂ ಅಪರಾಧವಾಗಿಸಿದವು. 2024ರ ಚುನಾವಣೆಯಲ್ಲಿ ಆರ್‌ಪಿಎಫ್ ನಾಯಕ, ಅಧ್ಯಕ್ಷ ಕಗಾಮೆ ಅವರಿಗೆ ಶೇ 99 ಮತ ಬಂತು. ದೇಶದೊಳಗೆ ರಸ್ತೆ, ಆಸ್ಪತ್ರೆ, ಶಿಸ್ತು ಎಲ್ಲ ಇದೆ. ಸಂಘರ್ಷ ಗಡಿ ದಾಟಿ ಪೂರ್ವ ಕಾಂಗೊಗೆ ಹೋಗಿದೆ. 2025ರ ಜನವರಿಯಲ್ಲಿ ಗೋಮಾ ನಗರವನ್ನು ಹಿಡಿದ ಎಂ23 ಪಡೆಯ ಬೆನ್ನಿಗೆ ರುವಾಂಡಾ ಇದೆ ಎಂದು ವಿಶ್ವಸಂಸ್ಥೆಯ ತಜ್ಞರು ವರದಿ ಮಾಡಿದ್ದಾರೆ. ಹೆಸರು ಅಳಿಸುವ ದಾರಿ ಬಲಿಷ್ಠ ಆಡಳಿತ ಇರುವಷ್ಟು ಕಾಲ ನಿಲ್ಲುತ್ತದೆ. ಅಧಿಕಾರ ಕೈ ಬದಲಾಗುವ ದಿನ ಏನಾಗುತ್ತದೆ ಎಂಬ ಪರೀಕ್ಷೆ ಅಲ್ಲಿ ಇನ್ನೂ ನಡೆದಿಲ್ಲ.

ಗೆಲುವಿನ ನಂತರ: ಶ್ರೀಲಂಕಾ

2009ರ ಮೇ ತಿಂಗಳಲ್ಲಿ ಎಲ್‌ಟಿಟಿಇ ಪೂರ್ತಿ ಸೋತಿತು. ಕೊನೆಯ ಹಂತದಲ್ಲಿ ಸತ್ತ ನಾಗರಿಕರ ಸಂಖ್ಯೆ 40,000 ಮುಟ್ಟಿರಬಹುದು ಎಂದು ವಿಶ್ವಸಂಸ್ಥೆಯ 2011ರ ಸಮಿತಿ ಹೇಳಿತು. ಗೆಲುವಿನ ದಾರಿಗೆ ಒಂದು ನಿಜವಾದ ಲಾಭವಿದೆ: ಗುಂಡಿನ ಸದ್ದು ನಿಂತಿತು, 12,000ದಷ್ಟು ಮಾಜಿ ಹೋರಾಟಗಾರರು ಪುನರ್ವಸತಿ ಕೇಂದ್ರಗಳಿಂದ ಮನೆಗೆ ಹೋದರು, ರೈಲು ಮತ್ತೆ ಜಾಫ್ನಾ ಮುಟ್ಟಿತು.

ರಾಜಕೀಯ ಪರಿಹಾರಕ್ಕೆ ಹೊಸದಾಗಿ ಏನನ್ನೂ ಬರೆಯಬೇಕಿರಲಿಲ್ಲ. 1987ರ ಭಾರತ-ಶ್ರೀಲಂಕಾ ಒಪ್ಪಂದದಿಂದ ಬಂದ 13ನೇ ತಿದ್ದುಪಡಿ ಸಂವಿಧಾನದಲ್ಲಿ ಇದ್ದೇ ಇದೆ. ತಮಿಳು ಅಧಿಕೃತ ಭಾಷೆ, ಪ್ರಾಂತೀಯ ಮಂಡಳಿಗೆ ಭೂಮಿ ಮತ್ತು ಪೊಲೀಸ್ ಅಧಿಕಾರ, ಎಲ್ಲ ಅಲ್ಲಿವೆ. ಭೂಮಿ, ಪೊಲೀಸ್ ಅಧಿಕಾರಗಳನ್ನು ಯಾವ ಸರ್ಕಾರವೂ ಬಿಟ್ಟುಕೊಡಲಿಲ್ಲ. ಉತ್ತರ ಪ್ರಾಂತ್ಯಕ್ಕೆ ಮೊದಲ ಚುನಾವಣೆ ನಡೆದದ್ದೇ 2013ರ ಸೆಪ್ಟೆಂಬರ್‌ನಲ್ಲಿ. ಆ ಮಂಡಳಿಯ ಅವಧಿ 2018ರಲ್ಲಿ ಮುಗಿದ ಮೇಲೆ ಆಡಳಿತ ರಾಷ್ಟ್ರಪತಿ ನೇಮಿಸುವ ಗವರ್ನರ್ ಕೈಗೆ ಹೋಯಿತು. ಕಾಣೆಯಾದವರ ತಾಯಂದಿರು 2017ರ ಫೆಬ್ರುವರಿಯಲ್ಲಿ ಕಿಳಿನೊಚ್ಚಿಯ ರಸ್ತೆಬದಿಯಲ್ಲಿ ಫೋಟೊಗಳನ್ನು ಹಿಡಿದು ಕೂತ ಧರಣಿ ವರ್ಷಗಟ್ಟಲೆ ಮುಂದುವರಿಯಿತು. 1957ರ ಬಂಡಾರನಾಯಕೆ-ಚೆಲ್ವನಾಯಗಂ ಒಪ್ಪಂದವನ್ನು ಮರುವರ್ಷವೇ ಹರಿದುಹಾಕಿದ ದೇಶದಲ್ಲಿ, ಗೆದ್ದವರು ತಾವಾಗಿ ಹಂಚಿಕೊಳ್ಳುತ್ತಾರೆಂದು ತಮಿಳರು ನಂಬದಿರುವುದಕ್ಕೆ ಕಾರಣವಿದೆ. ಈ ದಾರಿ ಹಿಡಿದ ಸರ್ಕಾರ ಗೆದ್ದ ಮೊದಲ ಹನ್ನೆರಡು ತಿಂಗಳಲ್ಲೇ ಕೊಡುವುದನ್ನು ಕೊಟ್ಟುಬಿಡಬೇಕು. ಆಗ ಅದರ ಜನಪ್ರಿಯತೆ ತುದಿಯಲ್ಲಿರುತ್ತದೆ, ಸ್ವಂತ ಮತದಾರರ ವಿರೋಧವನ್ನು ತಾಳಿಕೊಳ್ಳಬಲ್ಲದು.

ಬಂದೂಕು, ಕೈದಿ, ಪೊಲೀಸ್

ಯಾವ ಸೂತ್ರವಾದರೂ ಈ ಮೂರು ಕೆಲಸ ತಪ್ಪಿದ್ದಲ್ಲ. ಅಚೆಹ್‌ನಲ್ಲಿ ಆಯುಧ ನಾಲ್ಕು ತಿಂಗಳಲ್ಲಿ ಮುಗಿಯಿತು, ಐಆರ್‌ಎ ಏಳು ವರ್ಷ ತೆಗೆದುಕೊಂಡಿತು. 2000ದ ಮೇ ಗಡುವು ದಾಟಿತು, ಅದೇ ಕಾರಣಕ್ಕೆ ಯೂನಿಯನಿಸ್ಟರು ಮತ್ತೆ ಮತ್ತೆ ಸರ್ಕಾರದಿಂದ ಹೊರನಡೆದರು. ಕೊನೆಗೆ 2005ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಜನರಲ್ ಜಾನ್ ಡಿ ಚಾಸ್ಟಲೆನ್ ಅವರ ಆಯೋಗ, ಒಬ್ಬ ಕ್ಯಾಥೊಲಿಕ್ ಮತ್ತು ಒಬ್ಬ ಮೆಥಡಿಸ್ಟ್ ಪಾದ್ರಿಯ ಸಾಕ್ಷಿಯಲ್ಲಿ, ಕೆಲಸ ಮುಗಿಯಿತೆಂದು ಸಾರಿತು. ಫೋಟೊ ಇಲ್ಲ, ಪಟ್ಟಿ ಇಲ್ಲ. ಶರಣಾಗತಿಯಂತೆ ಕಾಣುವುದನ್ನು ಐಆರ್‌ಎ ಒಪ್ಪುತ್ತಿರಲಿಲ್ಲ, ಹಾಗಾಗಿ ಎರಡೂ ಕಡೆ ನಂಬುವ ಮೂರನೆಯವರ ಮಾತೇ ದಾಖಲೆಯಾಯಿತು.

ಕೈದಿಗಳ ವಿಷಯ ಸಂತ್ರಸ್ತರಿಗೆ ಅತ್ಯಂತ ನೋವಿನದು. ಉತ್ತರ ಐರ್ಲೆಂಡಿನಲ್ಲಿ 400ಕ್ಕೂ ಹೆಚ್ಚು ಕೈದಿಗಳನ್ನು, ಕೊಲೆಗಾರರನ್ನೂ ಸೇರಿಸಿ, ಎರಡು ವರ್ಷದಲ್ಲಿ ಬಿಟ್ಟರು. ಆದರೆ ಬಿಡುಗಡೆ ಷರತ್ತುಬದ್ಧ, ಕದನವಿರಾಮದಲ್ಲಿರುವ ಸಂಘಟನೆಯವರಿಗೆ ಮಾತ್ರ. ಇದರಿಂದ ಜೈಲಿನೊಳಗಿನವರೇ ಹೊರಗಿನವರಿಗೆ ಗುಂಡು ಹಾರಿಸಬೇಡಿ ಎಂದು ಒತ್ತಾಯಿಸುವಂತಾಯಿತು.

ಪೊಲೀಸ್ ಸುಧಾರಣೆಗೆ ಹೆಚ್ಚು ಸಮಯ ಇಡಿ. ಉತ್ತರ ಐರ್ಲೆಂಡಿನ ಹಳೆಯ ಪೊಲೀಸ್ ಪಡೆ ಆರ್‌ಯುಸಿಯಲ್ಲಿ ಕ್ಯಾಥೊಲಿಕ್ಕರು ಸುಮಾರು ಶೇ 8. ಪ್ಯಾಟನ್ ಆಯೋಗದ 1999ರ ವರದಿಯಂತೆ 2001ರಲ್ಲಿ ಹೆಸರು, ಲಾಂಛನ ಬದಲಾಯಿತು, ಹೊಸ ನೇಮಕಾತಿ ಅರ್ಧ ಕ್ಯಾಥೊಲಿಕ್, ಅರ್ಧ ಇತರರು ಎಂದಾಯಿತು. ಜೊತೆಗೆ ಹಳಬರಿಗೆ ಒಳ್ಳೆಯ ನಿವೃತ್ತಿ ಪ್ಯಾಕೇಜ್ ಕೊಟ್ಟು ಜಾಗ ಖಾಲಿ ಮಾಡಿಸಿದರು. ಇದಿಲ್ಲದೆ ನೇಮಕಾತಿಯಿಂದ ಮಾತ್ರ ಪ್ರಮಾಣ ಬದಲಾಗುತ್ತಿರಲಿಲ್ಲ. 2011ರ ಹೊತ್ತಿಗೆ ಕ್ಯಾಥೊಲಿಕ್ ಪಾಲು ಶೇ 30ರ ಹತ್ತಿರ ಬಂದಿತ್ತು. ಹತ್ತು ವರ್ಷ ಬೇಕಾಯಿತು.

ಮನೆ ಮತ್ತು ರಸ್ತೆ

ಬೋಸ್ನಿಯಾದ ಸಂವಿಧಾನವನ್ನು ಮೇಲೆ ಟೀಕಿಸಿದ್ದೇವೆ. ಆದರೆ ಅಲ್ಲಿ ಆದ ಎರಡು ಕೆಲಸಗಳನ್ನು ಯಾರು ಬೇಕಾದರೂ ಅನುಸರಿಸಬಹುದು. ಯುದ್ಧದ ನಂತರ ಕಾರಿನ ನಂಬರ್ ಪ್ಲೇಟ್ ನೋಡಿದರೇ ಮಾಲೀಕ ಯಾವ ಕಡೆಯವನೆಂದು ಗೊತ್ತಾಗುತ್ತಿತ್ತು, ಗೆರೆ ದಾಟಿ ಹೋಗಲು ಜನ ಹೆದರುತ್ತಿದ್ದರು. 1998ರಲ್ಲಿ ಡೇಟನ್ ಒಪ್ಪಂದದ ಜಾರಿ ನೋಡಿಕೊಳ್ಳುವ ಅಂತರರಾಷ್ಟ್ರೀಯ ಪ್ರತಿನಿಧಿ ಕಚೇರಿ ಇಡೀ ದೇಶಕ್ಕೆ ಒಂದೇ ಪ್ಲೇಟ್ ತಂದಿತು. ಲ್ಯಾಟಿನ್ ಮತ್ತು ಸಿರಿಲಿಕ್ ಲಿಪಿಗಳೆರಡರಲ್ಲೂ ಒಂದೇ ರೂಪವಿರುವ ಅಕ್ಷರಗಳನ್ನಷ್ಟೇ ಆರಿಸಿಕೊಂಡರು, ಊರಿನ ಗುರುತು ಇಡಲಿಲ್ಲ. ಕೆಲವೇ ತಿಂಗಳಲ್ಲಿ ರಸ್ತೆಗಳು ತೆರೆದವು. ಖರ್ಚು ತಗಡಿನದ್ದಷ್ಟೆ.

ಎರಡನೆಯದು ಮನೆ ವಾಪಸಾತಿ. ಎರಡು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು, ಊರಿನ ವಸತಿ ಅಧಿಕಾರಿಗಳು ಕಡತ ಅಲುಗಿಸುತ್ತಿರಲಿಲ್ಲ. 1999ರ ನವೆಂಬರ್‌ನಲ್ಲಿ ಇಂಥ ಅಡ್ಡಿಗಳಿಗಾಗಿ ಒಮ್ಮೆಗೇ 22 ಅಧಿಕಾರಿಗಳನ್ನು ವಜಾ ಮಾಡಿದರು, ಅರ್ಜಿ ಬಂದ ಕ್ರಮದಲ್ಲೇ ವಿಲೇವಾರಿ ಕಡ್ಡಾಯವಾಯಿತು. 2003ರ ಕೊನೆಗೆ ಶೇ 90ಕ್ಕೂ ಹೆಚ್ಚು ಇತ್ಯರ್ಥವಾದವು. ಮನೆ ಸಿಕ್ಕವರಲ್ಲಿ ಅನೇಕರು ಅದನ್ನು ಮಾರಿ ತಮ್ಮವರಿರುವ ಕಡೆಗೇ ಹೋದರು, ಏಕೆಂದರೆ ಹಳೆಯ ಊರಿನಲ್ಲಿ ನೌಕರಿ ಇರಲಿಲ್ಲ, ಮಕ್ಕಳಿಗೆ ಶಾಲೆ ಒಂದೇ ಕಟ್ಟಡದಲ್ಲಿದ್ದರೂ ಪಠ್ಯ ಬೇರೆ, ಬಾಗಿಲು ಬೇರೆ. ಆಸ್ತಿ ಹಕ್ಕಿನ ಜೊತೆಗೆ ಶಾಲೆ ಮತ್ತು ಸರ್ಕಾರಿ ಕೆಲಸವನ್ನೂ ಕೊಡದೆ ಮನೆಯ ಬೀಗದ ಕೈ ಮಾತ್ರ ಕೊಟ್ಟರೆ ಊರು ಮತ್ತೆ ಬೆರೆಯುವುದಿಲ್ಲ.

ಚುನಾವಣೆಗೂ ಅವಸರ ಬೇಡ. ಬೋಸ್ನಿಯಾದಲ್ಲಿ ಸಹಿಯಾದ ಒಂಬತ್ತು ತಿಂಗಳಿಗೇ, 1996ರ ಸೆಪ್ಟೆಂಬರ್‌ನಲ್ಲಿ ಮತದಾನ ನಡೆಸಿ ಯುದ್ಧ ನಡೆಸಿದ ಪಕ್ಷಗಳಿಗೇ ಗೆಲುವಿನ ಮುದ್ರೆ ಒತ್ತಿದರು.

ನ್ಯಾಯ

ಇಲ್ಲಿ ಆಯ್ಕೆ ಸಂಖ್ಯೆಯ ಮೇಲೆ. ಹಿಂದಿನ ಯುಗೊಸ್ಲಾವಿಯದ ನ್ಯಾಯಮಂಡಳಿ 1993ರಿಂದ 2017ರವರೆಗೆ 161 ಜನರ ಮೇಲೆ ಆರೋಪ ಹೊರಿಸಿತು. ದಳಪತಿಗಳಿಗೆ ಅದು ತಕ್ಕ ಜಾಗ. ರುವಾಂಡಾದ ಜೈಲುಗಳಲ್ಲಿ ಲಕ್ಷಕ್ಕೂ ಮೀರಿ ಆರೋಪಿಗಳಿದ್ದರು. ಮಾಮೂಲಿ ಕೋರ್ಟುಗಳಿಂದ ಅದು ಮುಗಿಯುವಂಥದಲ್ಲ. ಸುಮಾರು 12,000 ಗಚಾಚಾ ನ್ಯಾಯಕಟ್ಟೆಗಳಲ್ಲಿ ಊರಿನವರೇ ಆರಿಸಿದ ನ್ಯಾಯಗಾರರು ಕೂತು 2012ರ ಹೊತ್ತಿಗೆ ಇಪ್ಪತ್ತು ಲಕ್ಷದ ಹತ್ತಿರ ಪ್ರಕರಣ ಮುಗಿಸಿದರು. ಹೆಣ ಎಲ್ಲಿ ಹೂತಿದೆ ಎಂಬ ಸಂಗತಿ ಅನೇಕ ಕುಟುಂಬಗಳಿಗೆ ಅಲ್ಲೇ ತಿಳಿದದ್ದು. ಆದರೆ ಆರ್‌ಪಿಎಫ್ ಸೈನಿಕರ ಅಪರಾಧಗಳು ವಿಚಾರಣೆಗೆ ಬರಲಿಲ್ಲ, ಆರೋಪಿಗಳಿಗೆ ವಕೀಲರಿರಲಿಲ್ಲ. ಅಚೆಹ್‌ನ ಸತ್ಯ ಆಯೋಗ ಒಪ್ಪಂದದಲ್ಲಿ ಬರೆದಿದ್ದರೂ ಶುರುವಾದದ್ದು 2016ರಲ್ಲಿ. ಹನ್ನೊಂದು ವರ್ಷ ತಡ.

ಯಾವುದನ್ನು ಆರಿಸಬೇಕು

ಸಮುದಾಯ ಒಂದೇ ಕಡೆ ಇದ್ದು, ಒಳಗಿನ ಅಲ್ಪಸಂಖ್ಯಾತರಿಗೂ ಬರವಣಿಗೆಯಲ್ಲಿ ರಕ್ಷಣೆ ಕೊಡುವುದಾದರೆ ಸ್ವಾಯತ್ತತೆ. ಬೆರೆತಿದ್ದು, ಪಕ್ಷಗಳು ಗಟ್ಟಿಯಾಗಿದ್ದರೆ ಸ್ಥಾನಕ್ಕೆ ತಕ್ಕ ಸಂಪುಟ ಹಂಚಿಕೆ. ಬೆರೆತಿದ್ದು, ಸೇನೆಯೇ ಒಂದು ಜನಾಂಗದ ಕೈಯಲ್ಲಿದ್ದು ಇನ್ನೊಂದು ಅದಕ್ಕೆ ಹೆದರುತ್ತಿದ್ದರೆ ಬುರುಂಡಿಯಂತೆ ಸೇನೆಯಲ್ಲೇ ಪಾಲು. ಉಳಿದ ಎರಡನ್ನು ನಾವು ಶಿಫಾರಸು ಮಾಡುವುದಿಲ್ಲ. ಗೆಲುವು ಈಗಾಗಲೇ ಆಗಿಹೋಗಿದ್ದರೆ ಮೇಲಿನ ಮೂರರಲ್ಲಿ ಒಂದನ್ನು ಬೇಗ ಜಾರಿಗೆ ತರುವುದು ಉಳಿದಿರುವ ಕೆಲಸ.

2023ರ ಮೇ 3ರಿಂದ ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ-ಜೊ ಜನರ ನಡುವೆ ಭದ್ರತಾಪಡೆಗಳು ಕಾಯುವ ಗೆರೆಗಳು ಬಿದ್ದಿವೆ. ಪ್ರತ್ಯೇಕ ಆಡಳಿತ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಮೊದಲೇ ಉತ್ತರಿಸಲು ಹೋದರೆ ಮಾತುಕತೆ ಅಲ್ಲೇ ನಿಲ್ಲುತ್ತದೆ. ಶಸ್ತ್ರಾಗಾರಗಳಿಂದ ಲೂಟಿಯಾದ ಬಂದೂಕು, ಹೆದ್ದಾರಿಯಲ್ಲಿ ಎಲ್ಲರ ಓಡಾಟ, ಶಿಬಿರಗಳಲ್ಲಿರುವವರ ಮನೆಯ ದಾಖಲೆ, ಈ ಮೂರಕ್ಕೆ ದಿನಾಂಕವಿರುವ ಪಟ್ಟಿ ಮಾಡಿ ಎರಡೂ ಕಡೆ ಒಪ್ಪುವ ಉಸ್ತುವಾರಿಗೆ ಒಪ್ಪಿಸುವುದರಿಂದ ಶುರುಮಾಡಬಹುದು.

ಕರಡು ಕೈಗೆ ಬಂದಾಗ ಹಲವರು ಗಮನಿಸದ ಒಂದು ಕಲಮನ್ನು ಹುಡುಕಿ: ಮರುಪರಿಶೀಲನೆ. ಗುಡ್ ಫ್ರೈಡೆ ಒಪ್ಪಂದದ ಕಾನೂನಿನಲ್ಲಿ ಐರ್ಲೆಂಡ್ ಏಕೀಕರಣದ ಜನಮತಗಣನೆ ಯಾವಾಗ ನಡೆಸಬೇಕು, ಒಮ್ಮೆ ನಡೆಸಿದ ಮೇಲೆ ಕನಿಷ್ಠ ಏಳು ವರ್ಷ ಅಂತರವಿರಬೇಕು ಎಂದು ಬರೆದಿದೆ. ಬುರುಂಡಿಯ 2018ರ ಸಂವಿಧಾನ ಜನಾಂಗವಾರು ಪಾಲನ್ನು ಐದು ವರ್ಷದೊಳಗೆ ಸೆನೆಟ್ ಪರಿಶೀಲಿಸಬೇಕೆಂದಿತು. ಡೇಟನ್‌ನಲ್ಲಿ ಅಂಥ ದಿನಾಂಕ ಇರಲಿಲ್ಲ. ಕರಡಿನಲ್ಲಿ ಅದು ಇಲ್ಲದಿದ್ದರೆ ಸಹಿಗೆ ಮುಂಚೆಯೇ ಸೇರಿಸಬೇಕು: ಹತ್ತು ಅಥವಾ ಹದಿನೈದು ವರ್ಷದ ನಂತರ, ಯಾರು ಪರಿಶೀಲಿಸುತ್ತಾರೆ, ಎಷ್ಟು ಬಹುಮತದಿಂದ ತಿದ್ದಬಹುದು, ತಿದ್ದದಿದ್ದರೆ ಯಾವ ಪಾಲು ತಾನಾಗಿ ಕೊನೆಗೊಳ್ಳುತ್ತದೆ.